ಗರಡಿಯಿಲ್ಲದ ಊರಿನ ಜಟ್ಟಿಗಳು

ಭಾನುವಾರದ ನಸುಕಿನಲ್ಲಿ ನಂದಿಬೆಟ್ಟದ ಸೂರ್ಯೋದಯವನ್ನು ಕಾಣುವ ನೆಪದಿಂದ ದೇವನಹಳ್ಳಿಯ ಹೆದ್ದಾರಿಯಲ್ಲಿ ಹೊರಡುವ ದೊಡ್ಡ ಬೈಕುಗಳ ಆರ್ಭಟವು ಎಂಥದೆಂಬುದನ್ನು ಆ ಹೆದ್ದಾರಿಯ ಅಂಚಿನಲ್ಲಿ ಮನೆ ಮಾಡಿಕೊಂಡಿರುವವರಿಗೆ ವರ್ಣಿಸಿ ಹೇಳಬೇಕಾದ್ದಿಲ್ಲ. ಆ ಸವಾರರನ್ನು ಶಪಿಸುವುದು ಸುಲಭ. ದಂಡಿಸುವುದು ನ್ಯಾಯವೂ ಹೌದು, ಏಕೆಂದರೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ಹೂಡುವುದು 1988ರ ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನಂತೆ ಅಪರಾಧ. ಆದರೆ ಒಂದು ಲೀಟರು ಗಾತ್ರದ ಎಂಜಿನನ್ನು ಅಂಗಡಿಯಲ್ಲಿ ಮಾರಲು ಅನುಮತಿಯಿತ್ತು, ಅದರ ಮೇಲೆ ಯಥೇಚ್ಛವಾಗಿ ತೆರಿಗೆ ಪಡೆದು, ನಂಬರು ಕೊಟ್ಟು ಬೀದಿಗೆ ಬಿಟ್ಟ ಸರಕಾರವು, ಅದನ್ನು ಹತೋಟಿಯಲ್ಲಿಟ್ಟುಕೊಳ್ಳುವ ವಿದ್ಯೆಯನ್ನು ಎಲ್ಲಿ ಕಲಿಯಬೇಕೆಂದು ಕೇಳಿದವನಿಗೆ ಪಕ್ಕದ ರಾಜ್ಯದ ದಾರಿಯನ್ನಲ್ಲದೆ ಬೇರೇನನ್ನೂ ತೋರಲಾರದು. ಬೀದಿಯಲ್ಲಿ ತೋಳು ತಟ್ಟಿದರೆ ಪುಂಡನೆನಿಸುವವನೇ ಗರಡಿಯ ಮಣ್ಣಿನ ಮೇಲೆ ತೊಡೆ ತಟ್ಟಿದರೆ ಜಟ್ಟಿಯೆನಿಸುತ್ತಾನೆ. ನಮ್ಮ ಊರಿನಲ್ಲಿ ಜಟ್ಟಿಗಳುಂಟು, ಗರಡಿಯಿಲ್ಲ.

ಗರಡಿಯಿರುವುದು ಚೆನ್ನೈ ಹೆದ್ದಾರಿಯಲ್ಲಿ, ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರು ದೂರದಲ್ಲಿ. ರಾಮಾನುಜಾಚಾರ್ಯರ ಜನ್ಮಸ್ಥಳವೆಂದು ಮೇಲುಕೋಟೆಯ ಭಕ್ತರೆಲ್ಲರೂ ಅರಿತಿರುವ ಶ್ರೀಪೆರುಂಬುದೂರಿನ ನೆರೆಯ ಇರುಂಗಾಟ್ಟುಕೋಟ್ಟೈಯಲ್ಲಿ. ಹಿಂದೆ ಶೋಳಾವರದ ಹಳೆಯ ವಿಮಾನಪಥದ ಮೇಲೆ ಓಟ ನಡೆಸುತ್ತಿದ್ದ ಮದರಾಸು ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು 1990ರಲ್ಲಿ ಇಲ್ಲಿ ತಮ್ಮದೇ ಪಥವನ್ನು ನಿರ್ಮಿಸಿದರು: ಉದ್ದ 3.7 ಕಿಲೋಮೀಟರು, ತಿರುವುಗಳು 12. ಪಂದ್ಯವಿಲ್ಲದ ದಿನಗಳಲ್ಲಿ ಶುಲ್ಕ ತೆತ್ತು ಸಾಮಾನ್ಯ ಸವಾರನೂ ತನ್ನ ಬೈಕನ್ನು ಅಲ್ಲಿ ಓಡಿಸಬಹುದಾದ ಏರ್ಪಾಡಿಗೆ ಟ್ರ್ಯಾಕ್ ಡೇ ಎಂದು ಹೆಸರು. ಅಲ್ಲಿ ಗೆಲ್ಲುವವನಿಲ್ಲ, ಬಹುಮಾನವಿಲ್ಲ, ಎದುರಿನಿಂದ ಬರುವ ಲಾರಿಯಿಲ್ಲ.

ಅಲ್ಲಿಗೆ ಹೋಗಲು ಓಟದ ಬೈಕೇ ಬೇಕೆಂಬ ಭ್ರಮೆ ನಮ್ಮ ಸವಾರರಲ್ಲಿ ಬಹಳವಾಗಿದೆ. ದೂರಪ್ರಯಾಣಕ್ಕೂ ವೇಗಕ್ಕೂ ಸಮನಾಗಿ ಒದಗಲೆಂದು ಮಾಡಿದ ಸ್ಪೋರ್ಟ್ ಟೂರರ್ ಬೈಕುಗಳನ್ನು, ಉದಾಹರಣೆಗೆ 1043 ಸಿಸಿಯ ಎಂಜಿನನ್ನು ಹೊತ್ತು 230 ಕಿಲೋಗೂ ಮಿಕ್ಕಿ ತೂಗುವ ಕವಾಸಾಕಿ ನಿಂಜಾ 1000 ಎಸ್‌ಎಕ್ಸನ್ನು, ಪಥದ ಮೇಲೆ ಕಂಡರೆ ಕಿರಿಯರು ಮುಗುಳ್ನಗುವುದುಂಟು. ನಗಲಿ. ಅಪ್ಪಟ ಓಟದ ಬೈಕಿನ ಸಾಮರ್ಥ್ಯದ ಎಲ್ಲೆಯು ಸಾಮಾನ್ಯ ಸವಾರನ ಧೈರ್ಯದ ಎಲ್ಲೆಗಿಂತ ಎಷ್ಟೋ ಆಚೆಗಿರುವುದರಿಂದ, ಅವನ ತಪ್ಪುಗಳನ್ನೆಲ್ಲ ಅದು ಮೌನವಾಗಿ ನುಂಗಿಕೊಳ್ಳುತ್ತ ಹೋಗಿ, ಕಡೆಗೊಮ್ಮೆ ನುಂಗಲಾರದೆ ಅವನನ್ನು ನೆಲಕ್ಕೆ ಕೆಡಹುತ್ತದೆ. ಭಾರವಾದ ಬೈಕಿಗೆ ಈ ದಾಕ್ಷಿಣ್ಯವಿಲ್ಲ. ಬ್ರೇಕನ್ನು ಒರಟಾಗಿ ಹಿಡಿದರೆ ಮೂತಿ ಕುಸಿಯುತ್ತದೆ. ಎಡದಿಂದ ಬಲಕ್ಕೆ ಹೊರಳಿಸುವಾಗ ಅವಸರಪಡಿಸಿದರೆ ಹಟ ಹಿಡಿಯುತ್ತದೆ. ಮಿತಿಮೀರಿ ವಾಲಿಸಿದರೆ ಕಾಲಿಡುವ ಮೆಟ್ಟಿಲ ತುದಿ ಡಾಂಬರಿಗೆ ತಾಗಿ, ಕರ್ರೆಂದು ಕೆರೆದು, ಬೂಟಿನ ಅಡಿಯಲ್ಲೇ ಎಚ್ಚರಿಕೆಯನ್ನು ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ತಿಂಗಳು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಆಗುಂಬೆಯ ಘಾಟಿಯನ್ನು ಇಳಿಯುವಾಗ ಅವನ ಕೈಯಲ್ಲಿರುವುದು ಇದೇ ಬೈಕು. ಕಲಿತದ್ದು ಒಂದರ ಮೇಲೆ, ಬಳಸುವುದು ಇನ್ನೊಂದರ ಮೇಲೆ ಎಂಬ ತೊಡಕಿಲ್ಲ.

ಸಿದ್ಧತೆಯೇ ಒಂದು ಪಾಠ. ಪಕ್ಕದ ಪೆಟ್ಟಿಗೆಗಳು ಕೆಳಗಿಳಿಯಬೇಕು. ನಡುವಿನ ಸ್ಟ್ಯಾಂಡು ವಾಲುವಾಗ ನೆಲಕ್ಕೆ ತಗಲುವಂತಿದ್ದರೆ ಅದನ್ನೂ ಬಿಚ್ಚಿಡಬೇಕು. ಬಿದ್ದರೆ ಚೂರುಗಳು ಪಥದ ಮೇಲೆ ಚೆಲ್ಲದಂತೆ ದೀಪಗಳಿಗೆ ಟೇಪು ಸುತ್ತಬೇಕು. ಕನ್ನಡಿಗಳನ್ನು ಕಳಚಬೇಕು ಇಲ್ಲವೇ ಮುಚ್ಚಬೇಕು, ಏಕೆಂದರೆ ಸುರಕ್ಷಿತವಾಗಿ ದಾಟಿ ಹೋಗುವ ಹೊಣೆ ಅಲ್ಲಿ ಹಿಂದಿನಿಂದ ಬರುವವನದು. ರಸ್ತೆಗೆಂದು ಮುಂದಿನ ಚಕ್ರಕ್ಕೆ 36, ಹಿಂದಿನದಕ್ಕೆ 42 ಪೌಂಡು ತುಂಬಿಸಿದ ಗಾಳಿಯನ್ನು, ಟೈರು ಕಾದಾಗ ಒತ್ತಡವು ಏರುವುದನ್ನು ಲೆಕ್ಕ ಹಿಡಿದು, ಕೆಲವು ಪೌಂಡು ಇಳಿಸಬೇಕು. ಬ್ರೇಕಿನ ಎಣ್ಣೆ ಹಳೆಯದಾಗಿದ್ದರೆ, ಅದು ಹೀರಿಕೊಂಡ ತೇವವು ಕಾವಿಗೆ ಕುದಿದು ಲಿವರು ಮೆತ್ತಗಾಗುತ್ತದೆ; ಆದ್ದರಿಂದ ಹೊಸದನ್ನು ತುಂಬಿಸಿಯೇ ಹೊರಡಬೇಕು. ನಂದಿಯ ದಾರಿಯಲ್ಲಿ ಆರ್ಭಟಿಸುವವರ ಪೈಕಿ ಎಷ್ಟು ಮಂದಿ ಈ ಎಣ್ಣೆಯ ಬಟ್ಟಲನ್ನು ಒಮ್ಮೆಯಾದರೂ ಇಣುಕಿ ನೋಡಿರಬಹುದು?

ಮುಂಜಾನೆ ಸವಾರರನ್ನೆಲ್ಲ ಕಲೆಹಾಕಿ ಬಾವುಟಗಳ ಅರ್ಥವನ್ನು ಹೇಳಿಕೊಡುತ್ತಾರೆ: ಹಳದಿ ಬೀಸಿದರೆ ಮುಂದೆ ಅಪಾಯವುಂಟು, ಯಾರನ್ನೂ ದಾಟಕೂಡದು, ಕೆಂಪಾದರೆ ಎಲ್ಲರೂ ನಿಧಾನಿಸಿ ಪಿಟ್ಟಿಗೆ ಮರಳತಕ್ಕದ್ದು. ಆಮೇಲೆ ಅನುಭವಕ್ಕನುಸಾರವಾಗಿ ಗುಂಪುಗಳನ್ನು ಮಾಡಿ, ಸರದಿಯ ಮೇಲೆ ಒಂದೊಂದು ಗುಂಪನ್ನು ಒಳಗೆ ಬಿಡುತ್ತಾರೆ. ಉದ್ದನೆಯ ನೇರದ ಕೊನೆಯಲ್ಲಿ ಬರುವ, ಸವಾರರು ಸಿ-1 ಎಂದು ಕರೆಯುವ ಬಲತಿರುವಿಗೆ ಭಾರವಾದ ಬೈಕಿನೊಡನೆ ಸಮೀಪಿಸುವಾಗ, ವೇಗವು ಇಮ್ಮಡಿಯಾದರೆ ಬ್ರೇಕು ನುಂಗಬೇಕಾದ ಶಕ್ತಿಯು ನಾಲ್ಮಡಿಯಾಗುವುದೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರವು ಬೆರಳುಗಳಿಗೂ ಹೆಗಲುಗಳಿಗೂ ಮೊದಲ ಬಾರಿಗೆ ಅರ್ಥವಾಗುತ್ತದೆ. ನೋಟ ಎತ್ತ ಹೋಯಿತೋ ಬೈಕೂ ಅತ್ತಲೇ ಹೋಗುವುದೆಂಬುದೂ ಅಲ್ಲಿಯೇ ಮನದಟ್ಟಾಗತಕ್ಕ ಸಂಗತಿ: ಅಂಚಿನ ಮಣ್ಣನ್ನು ದಿಟ್ಟಿಸಿದವನು ಮಣ್ಣಿಗೇ ಹೋಗುತ್ತಾನೆ, ತಿರುವಿನಿಂದ ಹೊರಬೀಳುವ ಬಿಂದುವನ್ನು ಕಂಡವನು ಅಲ್ಲಿಗೆ ತಲಪುತ್ತಾನೆ. ಮೊಣಕಾಲನ್ನು ನೆಲಕ್ಕೆ ತಾಗಿಸಿದ ಫೋಟೋಕ್ಕಾಗಿ ಹಂಬಲಿಸುವವರೂ ಅಲ್ಲಿಗೆ ಬರುತ್ತಾರೆ. ಆ ಚಾಪಲ್ಯದ ಬಗ್ಗೆ ನನಗೆ ಗೌರವವಿಲ್ಲ.

ಇದೆಲ್ಲ ಉಳ್ಳವರ ವಿಲಾಸವೆಂಬ ಆಕ್ಷೇಪದಲ್ಲಿ ಸತ್ಯಾಂಶವುಂಟು. ಶುಲ್ಕ, ಟೈರು, ಮೈತುಂಬ ತೊಡುವ ಚರ್ಮದ ಕವಚ ಇವೆಲ್ಲ ದುಬಾರಿ. ಸಾಲದ್ದಕ್ಕೆ, ನಮ್ಮ ವಾಹನ ವಿಮೆಗಳು ಪಂದ್ಯವನ್ನೂ ವೇಗಪರೀಕ್ಷೆಯನ್ನೂ ಹೊರಗಿಟ್ಟಿರುವುದರಿಂದ, ಬಿದ್ದ ಬೈಕಿನ ರಿಪೇರಿಗೆ ಸ್ವಂತ ಜೇಬನ್ನೇ ನೆಚ್ಚಿಕೊಳ್ಳಬೇಕಾದೀತು. ಆದರೆ ಟ್ರಕ್ಕಿನಲ್ಲಿ ಬೈಕು ತರಿಸುವ ಸಿರಿವಂತನಿಗೂ, ಅದರ ಮೇಲೆಯೇ ವೆಲ್ಲೂರು ದಾಟಿ ಬಂದು, ಮರುದಿನ ಅದರ ಮೇಲೆಯೇ ಕಚೇರಿಗೆ ಹೋಗಬೇಕಾದವನಿಗೂ ಭೇದವಿದೆ. ಈ ಎರಡನೆಯವನು ಸಂಜೆಯ ಕೊನೆಯ ಸರದಿಯ ಹೊತ್ತಿಗೆ ತೋಳು ಸೋತಿದ್ದರೆ ಸುಮ್ಮನೆ ನೆರಳಿನಲ್ಲಿ ಕೂತುಬಿಡುತ್ತಾನೆ. ಮನೆಗೆ ಮರಳುವ 300 ಕಿಲೋಮೀಟರು ಅವನ ಅಹಂಕಾರಕ್ಕೆ ಹಾಕಿದ ಕಡಿವಾಣ. ಬೇರಾವ ಉಪದೇಶವೂ ಇಷ್ಟು ಪರಿಣಾಮಕಾರಿಯಾಗಿರುವುದನ್ನು ನಾನು ಕಂಡಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿಯೇ ದೇಶಕ್ಕೆ ಬೈಕುಗಳನ್ನು ಮಾಡಿಕೊಟ್ಟ ನಾಡು ಇದು. ನಾನು ಬೇಡುವುದು ಗ್ರೇಟರ್ ನೋಯ್ಡಾದಲ್ಲಿರುವಂಥ 5 ಕಿಲೋಮೀಟರಿನ ವೈಭವವನ್ನಲ್ಲ. 2011ರಿಂದ 2013ರವರೆಗೆ ಮೂರು ಬಾರಿ ಫಾರ್ಮುಲಾ ಒನ್ ನಡೆಸಿ, ತೆರಿಗೆಯ ತಕರಾರಿನ ನಡುವೆ ಅದನ್ನು ಕಳೆದುಕೊಂಡ ಆ ಪಥದ ಕಥೆಯೇ ಬೇರೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎರಡು ಕಿಲೋಮೀಟರಿಗೆ ತುಸು ಮಿಕ್ಕಿದ್ದು, ಅಷ್ಟಿದ್ದರೆ ಧಾರಾಳವಾಯಿತು. ಬಯಲುಸೀಮೆಯಲ್ಲಿ ಉಳುಮೆಗೆ ಒದಗದ ಒಂದಿಷ್ಟು ಸರಕಾರಿ ನೆಲ, ಜಾರಿದವನು ತಡೆಗೋಡೆಗೆ ಬಡಿಯದಂತೆ ಅಂಚಿನಲ್ಲಿ ವಿಶಾಲವಾದ ಮಣ್ಣಿನ ಹರವು, ಬಾಗಿಲಲ್ಲಿ ಸದಾ ಸಿದ್ಧವಾದ ಆಂಬುಲೆನ್ಸು, ಮತ್ತು ತಿಂಗಳಿಗೆ ಎರಡು ಭಾನುವಾರವಾದರೂ ಸಾಮಾನ್ಯ ಸವಾರನಿಗೆ ಎಟುಕುವ ದರದಲ್ಲಿ ಪ್ರವೇಶ, ಇಷ್ಟನ್ನು ಒದಗಿಸಿದ ಮೇಲೆ ದೇವನಹಳ್ಳಿಯ ಹೆದ್ದಾರಿಯಲ್ಲಿ ಪೋಲೀಸರು ಎಷ್ಟು ಕಠಿನವಾಗಿ ನಡೆದುಕೊಂಡರೂ ಅದನ್ನು ಸಮರ್ಥಿಸಿ ಬರೆಯಲು ನಾನು ಸಿದ್ಧನಿದ್ದೇನೆ.