ರೀಸೆಟ್ ಬಟನ್ ಬಿಡಿ, ರೂಟಿಂಗ್ ಟೇಬಲ್ ಓದಿ | ಮನೆ ಲ್ಯಾಬ್ ಸರಣಿ, ಭಾಗ 4

1/5
ಪಿಂಗ್ ಹೋಗ್ಲಿಲ್ಲ ಅಂದ ತಕ್ಷಣ ನಮ್ಮ ಗ್ರೂಪಿನಲ್ಲಿ ಬರೋ ಉತ್ತರ ಮೂರೇ.
"ರೀಸ್ಟಾರ್ಟ್ ಮಾಡು ಮಗಾ."
"ಎಲ್ಲಾ ಅಳಿಸಿ ಹೊಸದಾಗಿ ಹಾಕು."
"ನನ್ನ ಫೈಲ್ ಕಳಿಸ್ತೀನಿ, ಅದನ್ನೇ ಪೇಸ್ಟ್ ಮಾಡ್ಕೋ."
ಮೂರನ್ನೂ ನಾನು ಒಪ್ಪಲ್ಲ. ಪಿಂಗ್ ಸರಿಹೋಗಬಹುದು. ಆದ್ರೆ ಯಾಕೆ ಕೆಟ್ಟಿತ್ತು ಅಂತ ಕೇಳಿದ್ರೆ ಬಾಯಿ ಬರಲ್ಲ. ಮನೇಲಿ ಲ್ಯಾಬ್ ಕಟ್ಟೋದು ಯಾತಕ್ಕೆ ಹೇಳಿ? ಕೆಟ್ಟಿದ್ದನ್ನ ಹುಡುಕೋದು ಕಲಿಯೋಕೆ. ಕೆಟ್ಟ ಲ್ಯಾಬನ್ನ ಅಳಿಸೋದು ಅಂದ್ರೆ ಪ್ರಶ್ನೆಪತ್ರಿಕೆ ಹರಿದು ಹಾಕಿ "ಪಾಸಾದೆ" ಅಂದಂಗೆ.

2/5
ಒಂದು ಲ್ಯಾಬ್ ತಗೊಳ್ಳಿ. ಪ್ಯಾಕೆಟ್ ಟ್ರೇಸರ್ ಸಾಕು, ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಫ್ರೀ ಸಿಗುತ್ತೆ. ಮೂರು ರೂಟರ್, ಹೆಸರು ಗುಬ್ಬಿ, ತುಮಕೂರು, ಕುಣಿಗಲ್. ತುಮಕೂರು ಮಧ್ಯದಲ್ಲಿ. ಗುಬ್ಬಿಗೂ ಕುಣಿಗಲ್‌ಗೂ ನೇರ ಲಿಂಕ್ ಇಲ್ಲ.
ಗುಬ್ಬಿ ಪಿಸಿ ಇರೋದು 192.168.10.0/24ರಲ್ಲಿ.
ಕುಣಿಗಲ್ ಪಿಸಿ ಇರೋದು 192.168.30.0/24ರಲ್ಲಿ.

ಗುಬ್ಬಿಯಲ್ಲೂ ತುಮಕೂರಲ್ಲೂ ಸ್ಟ್ಯಾಟಿಕ್ ರೂಟ್ ಸರಿಯಾಗಿ ಹಾಕಿದ್ದೀರಿ. ಕುಣಿಗಲ್‌ನಲ್ಲಿ ಮಾತ್ರ 192.168.10.0ಕ್ಕೆ ದಾರಿ ಹಾಕಿಲ್ಲ. ಗುಬ್ಬಿ ಪಿಸಿಯಿಂದ ಪಿಂಗ್ ಕೊಟ್ರೆ "ರಿಕ್ವೆಸ್ಟ್ ಟೈಮ್ಡ್ ಔಟ್". ಟ್ರೇಸ್ ಕೊಟ್ರೆ ಗುಬ್ಬಿ ಉತ್ತರ ಕೊಡುತ್ತೆ, ತುಮಕೂರು ಉತ್ತರ ಕೊಡುತ್ತೆ, ಆಮೇಲೆ ಬರೀ ನಕ್ಷತ್ರ.
ಎಲ್ರೂ ಏನಂತಾರೆ? "ತುಮಕೂರು ರೂಟರ್ ಕೆಟ್ಟಿದೆ, ಅದನ್ನ ರೀಸೆಟ್ ಮಾಡು."
ತುಮಕೂರು ಕೆಟ್ಟಿಲ್ಲ ಗುರೂ. ಪ್ಯಾಕೆಟ್ ಕುಣಿಗಲ್ ಪಿಸಿವರೆಗೂ ಹೋಗಿದೆ. ವಾಪಸ್ ಬರೋಕೆ ದಾರಿ ಇಲ್ಲ, ಅಷ್ಟೇ. ಕುಣಿಗಲ್ ರೂಟರ್‌ಗೆ ಟ್ರೇಸ್‌ಗೆ ಉತ್ತರ ಕಳಿಸೋಕೂ ದಾರಿ ಗೊತ್ತಿಲ್ಲ, ಅದಕ್ಕೇ ಅದು ಸುಮ್ಮನಿದೆ. ಟ್ರೇಸ್ ನಿಂತ ಜಾಗವೇ ತಪ್ಪಿನ ಜಾಗ ಅಂತ ತೀರ್ಪು ಕೊಡೋ ಹಾಗಿಲ್ಲ.

3/5
"ಕಾಮರ್ಸ್‌ನವರಿಗೆ ಇದ್ಯಾಕೆ?" ಅಂತ ಕೇಳೋರಿಗೆ: ಇದು ನಮ್ಮದೇ ಸಬ್ಜೆಕ್ಟ್! 1494ರಲ್ಲಿ ಪಚೋಲಿ ಪುಸ್ತಕದಲ್ಲಿ ಅಚ್ಚಾದ ಡಬಲ್ ಎಂಟ್ರಿ ನೆನಪಿಸ್ಕೊಳ್ಳಿ. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಬೇಕು. ಇಲ್ಲೂ ಹೋಗೋ ದಾರಿ ಇದ್ರೆ ಬರೋ ದಾರಿ ಬೇಕು.
ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂತ ಲೆಡ್ಜರ್ ಸುಟ್ಟು ಹಾಕ್ತೀರಾ? ಇಲ್ಲ ತಾನೇ?

ಇನ್ನು ಕೆಲವರು ಎಲ್ಲಾ ರೂಟರ್‌ಗೂ ಡೀಫಾಲ್ಟ್ ರೂಟ್ ಹಾಕಿ ಕೈ ತೊಳ್ಕೊಳ್ತಾರೆ. ಅದು ಸಸ್ಪೆನ್ಸ್ ಅಕೌಂಟ್. ಕುಣಿಗಲ್‌ಗೆ ಹೊರಗೆ ಹೋಗೋಕೆ ಇರೋದೇ ಒಂದು ದಾರಿ, ಅಲ್ಲಿ ಡೀಫಾಲ್ಟ್ ರೂಟ್ ನ್ಯಾಯವೇ. ಆದ್ರೆ ತುಮಕೂರಲ್ಲೂ ಕುಣಿಗಲ್ ಕಡೆಗೇ ತಿರುಗಿಸಿ ಹಾಕಿದ್ರೆ? ಎರಡಕ್ಕೂ ಗೊತ್ತಿಲ್ಲದ ವಿಳಾಸ ಬಂದಾಗ "ನೀನು ನೋಡ್ಕೋ" ಅಂತ ಒಬ್ಬರಿಗೊಬ್ಬರು ದಾಟಿಸ್ತಾ ಇರ್ತಾರೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ 128ರಿಂದ ಶುರುವಾಗೋ ಟಿಟಿಎಲ್ ಒಂದೊಂದಾಗಿ ಇಳಿದು ಸೊನ್ನೆ ಆದಾಗಲೇ ಆ ಪ್ಯಾಕೆಟ್‌ಗೆ ಮುಕ್ತಿ.

4/5
ಹುಡುಕೋ ಕ್ರಮ. ಸೇವ್ ಮಾಡ್ಕೊಳ್ಳಿ.
➤ ಎರಡೂ ಪಿಸಿಯಲ್ಲಿ ಐಪಿ, ಮಾಸ್ಕ್, ಗೇಟ್‌ವೇ ನೋಡಿ. ಎರಡೂ ಅಂದ್ರೆ ಎರಡೂ.
➤ "ಶೋ ಐಪಿ ಇಂಟರ್‌ಫೇಸ್ ಬ್ರೀಫ್". ಸಿಸ್ಕೋ ರೂಟರ್ ಪೋರ್ಟ್ ಶುರುವಿನಲ್ಲಿ ಆಫ್ ಇರುತ್ತೆ, "ನೋ ಶಟ್‌ಡೌನ್" ಕೊಡ್ಬೇಕು.
➤ ಮೂರೂ ರೂಟರ್‌ನಲ್ಲಿ "ಶೋ ಐಪಿ ರೂಟ್". ಪ್ರತಿಯೊಂದಕ್ಕೂ ಎರಡೂ ಪಿಸಿ ನೆಟ್‌ವರ್ಕ್ ಗೊತ್ತಾ? 3 ರೂಟರ್, 2 ನೆಟ್‌ವರ್ಕ್, 6 ಉತ್ತರ. ಪೇಪರ್ ಮೇಲೆ ಬರೀರಿ. ಖಾಲಿ ಉಳಿದ ಮನೆಯಲ್ಲೇ ತಪ್ಪು.
➤ ಆರೂ ತುಂಬಿದ್ರೆ ನೆಕ್ಸ್ಟ್ ಹಾಪ್ ನೋಡಿ. ಅದು ಪಕ್ಕದ ರೂಟರ್‌ನ ವಿಳಾಸ ಆಗಿರ್ಬೇಕು.
➤ ನಿಜವಾದ ಲ್ಯಾಪ್‌ಟಾಪ್ ಆದ್ರೆ ವಿಂಡೋಸ್ ಫೈರ್‌ವಾಲ್ ಪಿಂಗ್ ತಡೀತಿರಬಹುದು. ಅದಕ್ಕೆ ರೂಟರ್ ಬೈಬೇಡಿ.
ಒಂದ್ಸಲಕ್ಕೆ ಒಂದೇ ಬದಲಾವಣೆ. ಐದು ಕಡೆ ಮುಟ್ಟಿದ್ರೆ ಯಾವುದರಿಂದ ಸರಿಹೋಯ್ತು ಅಂತ ದೇವರಿಗೂ ಗೊತ್ತಾಗಲ್ಲ.

5/5
"ಕೆಲಸದಲ್ಲಿ ಟೈಮ್ ಇರಲ್ಲ, ಮೊದಲು ಸರಿ ಮಾಡ್ಬೇಕು" ಅಂತೀರಿ. ಒಪ್ತೀನಿ. ಅದಕ್ಕೇ ಈಗ ಕಲೀರಿ ಅಂತಿರೋದು. ನಾಳೆ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ನಡೀತಿರುವಾಗ ರೂಟರ್ ರೀಸೆಟ್ ಮಾಡಿದ್ರೆ, ಅದರಲ್ಲಿದ್ದ ಸೆಟ್ಟಿಂಗ್ ಎಲ್ಲಾ ಹೋಗಿ ಕ್ಯೂ ನಿಂತವರೆಲ್ಲಾ ನಿಮ್ಮನ್ನೇ ನೋಡ್ತಾರೆ. ಲ್ಯಾಬಲ್ಲಿ ಕ್ಯೂ ಇಲ್ಲ. ನಿಧಾನಕ್ಕೆ ಯೋಚಿಸೋ ಸೌಲಭ್ಯ ಇರೋದು ಇಲ್ಲೇ, ಈಗಲೇ.
ಇನ್ನೊಂದು ಮಾತು. ದುಡ್ಡು ಕೊಟ್ಟು ಬೆಂಗಳೂರಲ್ಲಿ ಕೋರ್ಸ್ ಮಾಡಿದವರಿಗೆ ಮಾತ್ರ ಇದು ಬರುತ್ತೆ ಅನ್ನೋ ಭ್ರಮೆ ಬೇಡ. ರೂಟಿಂಗ್ ಟೇಬಲ್ ಗುಬ್ಬಿಯಲ್ಲಿ ಓದಿದ್ರೂ ಅದೇ, ಕುಣಿಗಲ್‌ನಲ್ಲಿ ಓದಿದ್ರೂ ಅದೇ.

ಚಾಲೆಂಜ್: ಇವತ್ತು ರಾತ್ರಿ ನಿಮ್ಮ ಲ್ಯಾಬ್‌ನಲ್ಲಿ ಒಂದೇ ಒಂದು ರೂಟ್ ಅಳಿಸಿ ಫ್ರೆಂಡ್‌ಗೆ ಕಳಿಸಿ. ರೀಸೆಟ್ ಇಲ್ಲ, ಪೇಸ್ಟ್ ಇಲ್ಲ. ಹುಡುಕಿದವರು ಆ ಒಂದು ಸಾಲನ್ನ ಕಾಮೆಂಟ್‌ನಲ್ಲಿ ಬರೀರಿ. 👇

#ಮನೆಲ್ಯಾಬ್ #ರೂಟಿಂಗ್ #ತುಮಕೂರು #ಗುಬ್ಬಿ #ಕುಣಿಗಲ್ #ಬಿಕಾಂಹುಡುಗರು