ಒಂದು ಸ್ಟೂಲಿನ ಮಾತು

ಹೋದ ವಾರ ಸಂಜೆ ಏಳರ ಹೊತ್ತು. ಅನ್ನಪೂರ್ಣೇಶ್ವರಿ ನಗರದ ಬಸ್ ಸ್ಟಾಪಿನಲ್ಲಿ ತುಂಬು ಬಸುರಿ ಹೆಣ್ಣುಮಗಳೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಿಂತಿದ್ದಳು. ಕಿತ್ತುಹೋಗಿರಬೇಕು ಅಂದುಕೊಂಡೆ. ಕಿತ್ತಿರಲಿಲ್ಲ. ಬೆಳಿಗ್ಗೆ ಹಾಕಿಕೊಂಡು ಹೋದ ಚಪ್ಪಲಿ ಸಂಜೆಗೆ ಕಾಲಿಗೇ ಹಿಡಿಸುತ್ತಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸವಂತೆ, ಹತ್ತು ಗಂಟೆಯಿಂದ ನಿಂತೇ ಇದ್ದಾಳೆ. ಬಸ್ಸು ಬಂತು. ಅದರಲ್ಲೂ ನಿಂತೇ ಹೋದಳು.

"ಬಸುರಿ ಅಂದ್ಮೇಲೆ ಕಾಲು ಊದುತ್ತೆ ಕಣ್ರೀ, ಅದನ್ನೂ ಪೇಪರಿನಲ್ಲಿ ಬರೀತೀರಾ?" ಅಂದರು ಪಕ್ಕದಲ್ಲಿದ್ದ ಯಜಮಾನರು. ಬರೀತೀನಿ ಸ್ವಾಮಿ. ನಿಮ್ಮ ಮಾತು ಅರ್ಧ ನಿಜ, ಉಳಿದರ್ಧ ಜೀವಕ್ಕೆ ಎರವಾಗುವಂಥದು.

ನಿಜವಾದ ಅರ್ಧ ಇದು: ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಾಲಾಗುತ್ತದೆ. ಬೆಳೆದ ಗರ್ಭಕೋಶ ಕಾಲಿನಿಂದ ಮೇಲೆ ಹೋಗುವ ರಕ್ತನಾಳವನ್ನು ಒತ್ತುತ್ತದೆ. ಹೊತ್ತು ಇಳಿಯುತ್ತ ನೀರು ಪಾದಕ್ಕೆ ಇಳಿಯುತ್ತದೆ. ಬೆಳಿಗ್ಗೆ ಎದ್ದಾಗ ಕಡಿಮೆಯಾಗಿದ್ದರೆ ಗಾಬರಿ ಬೇಡ. ಕಾಲು ಎತ್ತರಕ್ಕೆ ಇಟ್ಟು ಕೂರಬೇಕು, ಎಡ ಮಗ್ಗುಲಿಗೆ ಮಲಗಬೇಕು, ಆಗಾಗ ನಾಲ್ಕು ಹೆಜ್ಜೆ ನಡೆಯಬೇಕು. ಬೆರಳು ಊದುವ ಮೊದಲೇ ಉಂಗುರ ತೆಗೆದಿಡುವುದು ವಾಸಿ. ನೀರು ಕುಡಿದರೆ ಊತ ಜಾಸ್ತಿಯಾಗುತ್ತೆ ಅಂತ ಅತ್ತೆಮ್ಮಂದಿರು ಚೊಂಬು ಕಿತ್ತುಕೊಳ್ಳುವುದು ತಪ್ಪು. ಬಾರ್ಲಿ ನೀರು ಕುಡಿಸಿ, ಬೇಡ ಅನ್ನುವುದಿಲ್ಲ. ಆದರೆ ಅದು ಬಿ.ಪಿ.ಗೆ ಔಷಧಿ ಅಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನೀರಿಳಿಸುವ ಮಾತ್ರೆ ತಂದು ನುಂಗಿಸುವ ಕೆಲಸ ಮಾತ್ರ ಖಂಡಿತ ಬೇಡ.

ಈಗ ಅಂಗಡಿ ಸಾಹುಕಾರರಿಗೆ. ನಮ್ಮ ಕಡೆಯ ಒಬ್ಬ ವ್ಯಾಪಾರಿಯನ್ನು ಕೇಳಿದೆ: ಕೌಂಟರ್ ಹಿಂದೆ ಒಂದು ಸ್ಟೂಲ್ ಹಾಕಬಾರದೆ? "ಗಿರಾಕಿ ಬಂದಾಗ ಕೂತಿದ್ರೆ ಮರ್ಯಾದೆ ಇರಲ್ಲ ಸಾರ್." ಯಾರ ಮರ್ಯಾದೆ? ಸಾಹುಕಾರರು ಗಲ್ಲಾದಲ್ಲಿ ಕುಶನ್ ಕುರ್ಚಿಯ ಮೇಲೆ ಕೂತೇ ಈ ಮಾತು ಹೇಳಿದರು. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಿದ್ದಿದರು. ಅಲ್ಲಿ ವ್ಯಾಪಾರ ನಿಂತುಹೋಗಿಲ್ಲ. ಇನ್ನು ಬಸುರಿಯರ ವಿಷಯ: ಹೆರಿಗೆಗೆ ಮೊದಲಿನ ಸುಮಾರು ಹತ್ತು ವಾರ, ಆಕೆ ಕೇಳಿಕೊಂಡರೆ ಬಹಳ ಹೊತ್ತು ನಿಲ್ಲುವ ಕೆಲಸ ಕೊಡುವಂತಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲೇ ಇದು ಬರೆದಿತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಹತ್ತು ಜನ ಕೆಲಸದವರಿರುವ ಅಂಗಡಿಗೂ ಅನ್ವಯ. ಆದರೆ "ಕೇಳಿಕೊಂಡರೆ" ಅನ್ನುವುದರಲ್ಲೇ ಇದೆ ಮರ್ಮ. ಕೇಳಿದರೆ ನಾಳೆಯಿಂದ ಬರಬೇಡ ಅಂದುಬಿಟ್ಟರೆ? ಅದಕ್ಕೇ ಯಾರೂ ಕೇಳುವುದಿಲ್ಲ. ಕೇಳುವ ಮೊದಲೇ ನೀವೇ ಹಾಕಿ.

ಬಸ್ಸಿನವರದೂ ಅದೇ ಕಥೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಗಸರ ಟಿಕೆಟ್ಟಿನ ಕಾಸು ಉಳಿಯಿತು, ಸೀಟು ಸಿಗಲಿಲ್ಲ. ಕಂಡಕ್ಟರ್ ಎಬ್ಬಿಸಲಿ ಅಂತ ಕಾಯುತ್ತ, ಮೊಬೈಲಿನಲ್ಲಿ ಮುಖ ಹುದುಗಿಸಿ ಕೂರುವ ನಮ್ಮ ಹುಡುಗರಿಗೆ, ಹುಡುಗಿಯರಿಗೂ ಸೇರಿಸಿ, ಏನು ಹೇಳುವುದು.

ಇನ್ನು ಯಜಮಾನರ ಆ ಉಳಿದರ್ಧ. ಊತ ಇದ್ದಕ್ಕಿದ್ದಂತೆ ಮುಖಕ್ಕೆ, ಕೈಗೆ ಏರಿದರೆ; ತಲೆ ಸಿಡಿದು ಕಣ್ಣು ಮಂಜಾದರೆ; ಪಕ್ಕೆಲುಬಿನ ಕೆಳಗೆ ನೋವು ಕಾಣಿಸಿದರೆ ಅದು ನಂಜಿನ ಲಕ್ಷಣ ಇರಬಹುದು. ಡಾಕ್ಟರು ಇದನ್ನು ಪ್ರಿ-ಎಕ್ಲಾಂಪ್ಸಿಯಾ ಅನ್ನುತ್ತಾರೆ. ಐದು ತಿಂಗಳು ದಾಟಿದ ಮೇಲೆ ಬಿ.ಪಿ. 140/90 ಮುಟ್ಟಿದರೆ ಅದೇ ದಿನ ತೋರಿಸಬೇಕು. ಬಿಟ್ಟರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರಿಗೂ ಅಪಾಯ. ಊತವೇ ಇಲ್ಲದೆಯೂ ಇದು ಬರುತ್ತದೆ, ಹೆರಿಗೆ ಆದಮೇಲೂ ಬರುತ್ತದೆ. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದಕ್ಕೂ ಕಾಯುವಂತಿಲ್ಲ. 108ಕ್ಕೆ ಫೋನ್ ಮಾಡಿ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಉಂಟು, 2016ರಿಂದ ನಡೆಯುತ್ತಿದೆ. ಬಿ.ಪಿ., ಮೂತ್ರ, ರಕ್ತ ಎಲ್ಲ ನೋಡುತ್ತಾರೆ. ಸಾಹುಕಾರರೇ, ಆ ಒಂದು ದಿನದ ಸಂಬಳ ಹಿಡಿಯಬೇಡಿ.

ತಾಯಿ ಕಾರ್ಡಿನಲ್ಲಿ ಕೊನೇ ಸಲ ಬಿ.ಪಿ. ಬರೆಸಿದ್ದು ಯಾವಾಗಮ್ಮ ಅಂತ ಆ ಹೆಣ್ಣುಮಗಳನ್ನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು.