ನಿದ್ದೆ ಬಾರದ ರಾತ್ರಿ, ನಡೆಯದ ಹಗಲು



"ಮೇಷ್ಟ್ರೇ, ವಯಸ್ಸಾಯಿತು, ಇನ್ನು ಸುಮ್ಮನೆ ಕುಳಿತು ವಿಶ್ರಾಂತಿ ತೆಗೆದುಕೊಳ್ಳಿ." ನಿವೃತ್ತನಾದಂದಿನಿಂದ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಪ್ರೀತಿಯೇ ಮುದುಕರ ನಿದ್ದೆಯನ್ನೂ ಮನಸ್ಸಿನ ಗೆಲುವನ್ನೂ ಕಸಿದುಕೊಳ್ಳುತ್ತಿದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಸೀಮೆಯ ಹಿರಿಯರನ್ನೇ ನೋಡಿ. ರಾಮನಗರ, ಕನಕಪುರದ ಹಳ್ಳಿಗಳಲ್ಲಿ ರೇಷ್ಮೆ ಸಾಕಿದವರು ನಾಲ್ಕನೆಯ ಜ್ವರ ಕಳೆದ ಹುಳುವಿಗೆ ರಾತ್ರಿಯೂ ಎದ್ದು ಸೊಪ್ಪು ಹಾಕಿದವರು. ಮಾಗಡಿಯ ಕಡೆಯವರು ರಾಗಿ ಹೊಲದಲ್ಲಿ ಬೆವರು ಸುರಿಸಿದವರು. ಚನ್ನಪಟ್ಟಣದಲ್ಲಿ ಬೊಂಬೆ ಕಡೆದವರ ಕೈಗೆ ದಿನವಿಡೀ ಬಿಡುವಿರಲಿಲ್ಲ. ಅಂಥವರನ್ನು ಇಂದು ಮಕ್ಕಳು ಟಿವಿಯ ಮುಂದೆ ಕೂರಿಸಿದ್ದಾರೆ. ಮಧ್ಯಾಹ್ನವೆಲ್ಲ ತೂಕಡಿಸುವ ಅವರು ನಡುರಾತ್ರಿ ಎಚ್ಚೆತ್ತು ಸೂರಿನ ಜಂತೆ ಎಣಿಸುತ್ತಾರೆ.

ಇದು ನನ್ನ ಸ್ವಂತ ಅನುಭವವೂ ಹೌದು. ಪತ್ನಿ ತೀರಿಕೊಂಡ ವರ್ಷ ನನಗೆ ರಾತ್ರಿ ಎರಡರ ಮೇಲೆ ನಿದ್ದೆಯೇ ಇರುತ್ತಿರಲಿಲ್ಲ. ಹಾಲು ತರುವ ಕೆಲಸವನ್ನೂ ಮಗ ತಾನೇ ವಹಿಸಿಕೊಂಡಿದ್ದ. ಒಂದು ದಿನ ಮೊಮ್ಮಗಳು ಲೋಟ ಬೀಳಿಸಿದ್ದಕ್ಕೆ ಗದರಿಬಿಟ್ಟೆ. ಆ ಮೇಲೆ ಮಗು ಎಷ್ಟೋ ದಿನ ನನ್ನ ಕೋಣೆಗೆ ಕಾಲಿಡಲಿಲ್ಲ. ಜೀವನವೆಲ್ಲ ಮಕ್ಕಳೊಡನೆ ಕಳೆದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ನಾಚಿಕೆಪಟ್ಟು ಬೆಳಗಿನ ನಡಿಗೆ ಆರಂಭಿಸಿದೆ. ಎಂಟು ದಿನವಾದರೂ ನಿದ್ದೆ ಬರಲಿಲ್ಲ, ಬಿಟ್ಟುಬಿಟ್ಟೆ. ತಪ್ಪು ಮಾಡಿದ್ದು ಅಲ್ಲೇ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ನಿದ್ರಾಹೀನತೆಯಿಂದ ಬಳಲುವ, 55 ದಾಟಿದ 17 ಜನರನ್ನು ಅಧ್ಯಯನ ಮಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. 16 ವಾರ ವ್ಯಾಯಾಮ ಮಾಡಿದವರಿಗೆ ನಿದ್ದೆ ಸುಧಾರಿಸಿತು, ಖಿನ್ನತೆಯ ಲಕ್ಷಣಗಳು ಕಡಿಮೆಯಾದವು. ಆದರೆ 2013ರಲ್ಲಿ ಅವರು ಇನ್ನೊಂದು ಸಂಗತಿಯನ್ನು ತಿಳಿಸಿದರು: ಇಂದು ವ್ಯಾಯಾಮ ಮಾಡಿದರೆ ಇಂದೇ ರಾತ್ರಿ ನಿದ್ದೆ ಬರುತ್ತದೆ ಎಂದೇನಿಲ್ಲ; ಬದಲಿಗೆ, ರಾತ್ರಿ ನಿದ್ದೆ ಕೆಟ್ಟರೆ ಮರುದಿನದ ವ್ಯಾಯಾಮವೇ ಮೊಟಕಾಗುತ್ತದೆ. ಫಲ ಕಾಣಲು ತಿಂಗಳುಗಳೇ ಬೇಕು.

ನಮ್ಮ ಬೆಂಗಳೂರಿನಲ್ಲೇ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದವರು ವೃದ್ಧಾಶ್ರಮವೊಂದರ 69 ಹಿರಿಯರ ಅಧ್ಯಯನ ನಡೆಸಿ 2005ರಲ್ಲಿ ಪ್ರಕಟಿಸಿದ್ದರು. ಆರು ತಿಂಗಳು ಯೋಗಾಭ್ಯಾಸ ಮಾಡಿದವರು ಸರಾಸರಿ 10 ನಿಮಿಷ ಬೇಗ ನಿದ್ದೆಹೋದರು, ಸುಮಾರು 60 ನಿಮಿಷ ಹೆಚ್ಚು ಮಲಗಿದರು. ಅವರ ಖಿನ್ನತೆಯ ಅಂಕವೂ ಇಳಿದದ್ದು 2007ರಲ್ಲಿ ವರದಿಯಾಯಿತು. ಇವೆಲ್ಲ ಚಿಕ್ಕ ಅಧ್ಯಯನಗಳು, ನಿಜ. ಆದರೂ ಎರಡು ಕಡೆಯೂ ಕಲಿಸುವ ಪಾಠ ಒಂದೇ: ತಾಳ್ಮೆ. ಒಂದು ಕಿರುಪರೀಕ್ಷೆಯಿಂದ ಹುಡುಗನನ್ನು ಅಳೆಯಬಾರದೆಂದು ಶಾಲೆಯಲ್ಲಿ ಹೇಳುತ್ತಿದ್ದ ನಾನು, ಎಂಟು ದಿನದಲ್ಲಿ ನಡಿಗೆಯನ್ನು ನಪಾಸು ಮಾಡಿದ್ದೆ! ಮತ್ತೆ ಆರಂಭಿಸಿದೆ. ನಾಲ್ಕನೆಯ ತಿಂಗಳಿನ ಹೊತ್ತಿಗೆ ನಿದ್ದೆ ಪೂರ್ತಿ ಮರಳದಿದ್ದರೂ ಸಿಡುಕು ಇಳಿದಿತ್ತು.

ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಕತ್ತಲಲ್ಲಿ ಹೊರಡಬೇಡಿ. ಕನಕಪುರ, ಚನ್ನಪಟ್ಟಣದ ಕಾಡಂಚಿನಲ್ಲಿ ಆನೆಗಳ ಭಯವಿದೆ; ಎಲ್ಲೇ ಆದರೂ ಎಡವಿ ಬೀಳುವ ಭಯವಿದ್ದೇ ಇದೆ. ಬಿಸಿಲು ಮೂಡಿದ ಮೇಲೆ ನಡೆಯುವುದೇ ಒಳಿತು, ಏಕೆಂದರೆ ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಪಡಿಸುತ್ತದೆ. ಮಂಡಿನೋವಿರುವವರು ಕುರ್ಚಿಯಲ್ಲಿ ಕುಳಿತೇ ಕೈಕಾಲು ಆಡಿಸಬಹುದು. ಎದೆನೋವು, ನಿದ್ದೆಯಲ್ಲಿ ಉಸಿರುಗಟ್ಟುವಿಕೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು. ನಿದ್ರೆ ಮಾತ್ರೆಯನ್ನು ತಾವಾಗಿ ಆರಂಭಿಸುವುದೂ ಬೇಡ, ಥಟ್ಟನೆ ನಿಲ್ಲಿಸುವುದೂ ಬೇಡ. ಬದುಕೇ ಬೇಡವೆನಿಸಿದರೆ ನಡಿಗೆ ಸಾಲದು. 2022ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆಗೆ ಶುಲ್ಕವಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಬೆಂಗಳೂರು ಸೇರಿದ್ದೀರಿ. ಊರಿಗೆ ಬಂದಾಗ ಹಣ್ಣಿನ ಚೀಲ ಕೊಟ್ಟು, "ಅಪ್ಪ, ನೀವು ಆಯಾಸ ಮಾಡಿಕೊಳ್ಳಬೇಡಿ" ಎಂದು ಹಿಂದಿರುಗಬೇಡಿ. ಹಾಲು ತರುವ ಕೆಲಸ ಅವರಿಗೇ ಇರಲಿ. ಅವರ ಜೊತೆ ಅರ್ಧ ಗಂಟೆ ಕೆರೆ ಏರಿಯ ಮೇಲೆ, ಅವರ ನಡಿಗೆಯ ವೇಗದಲ್ಲೇ ನಡೆಯಿರಿ. ನಿಮ್ಮ ಮೇಷ್ಟ್ರು ಕೊಡುವ ಮನೆಗೆಲಸ ಇಷ್ಟೇ.